ಹತ್ತನೇ ತರಗತಿಯ ಫಲಿತಾಂಶ ಎಲ್ಲಿ ತಯಾರಾಗುತ್ತದೆ?

ಕರ್ನಾಟಕದ ಎಸ್ಸೆಸ್ಸೆಲ್ಸಿ ಫಲಿತಾಂಶ 2023ರಲ್ಲಿ ಶೇ 83.89 ಇತ್ತು. 2024ರಲ್ಲಿ ಶೇ 73.40ಕ್ಕೆ ಇಳಿಯಿತು, ಅದೂ ಕೃಪಾಂಕ ಕೊಟ್ಟ ಮೇಲೆ. 2025ರ ಪರೀಕ್ಷೆ-1ರಲ್ಲಿ, ಅಂದರೆ ಆ ವರ್ಷದ ಮೊದಲ ಅವಕಾಶದಲ್ಲಿ, ಶೇ 66.14. ಎರಡೇ ವರ್ಷದಲ್ಲಿ ನಮ್ಮ ಮಕ್ಕಳು ಇಷ್ಟೊಂದು ಹಿಂದೆ ಬಿದ್ದುಬಿಟ್ಟರೇ? ಖಂಡಿತ ಇಲ್ಲ. 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ಸಿಸಿಟಿವಿ ಮತ್ತು ವೆಬ್‌ಕಾಸ್ಟಿಂಗ್ ಬಂದವು, ನಕಲಿಗೆ ಕಡಿವಾಣ ಬಿತ್ತು. ಮರುವರ್ಷ ಕೃಪಾಂಕವೂ ಹೋಯಿತು. ಮೊದಲೇ ಇದ್ದ ಸ್ಥಿತಿ ಕಣ್ಣಿಗೆ ಬಿತ್ತು, ಅಷ್ಟೆ.

ಇನ್ನೊಂದು ಅಂಕಿ ನೋಡಿ. 2025ರಲ್ಲಿ ಮೊದಲ ಸ್ಥಾನದ ದಕ್ಷಿಣ ಕನ್ನಡ ಜಿಲ್ಲೆ ಶೇ 91.12 ಪಡೆದರೆ ಕೊನೆಯ ಸ್ಥಾನದ ಕಲಬುರಗಿ ಜಿಲ್ಲೆ ಶೇ 42.43 ಪಡೆಯಿತು. ಪಠ್ಯಪುಸ್ತಕ ಒಂದೇ, ಪ್ರಶ್ನೆಪತ್ರಿಕೆ ಒಂದೇ. ಆದರೂ ಒಂದು ಕಡೆ ಹತ್ತರಲ್ಲಿ ಒಂಬತ್ತು ಮಕ್ಕಳು ಪಾಸಾಗುತ್ತಾರೆ, ಇನ್ನೊಂದು ಕಡೆ ನಾಲ್ಕು. ಕಲಬುರಗಿಯ ಮಕ್ಕಳ ಬುದ್ಧಿ ಕಡಿಮೆ ಎಂದು ಯಾರಾದರೂ ಹೇಳಿದರೆ ನಾನು ಸಿಟ್ಟಾಗುತ್ತೇನೆ. ಬುದ್ಧಿ ಕೆಲಸ ಮಾಡಬೇಕಾದರೆ ಅದರ ಸುತ್ತ ಇರಬೇಕಾದ ಹತ್ತು ಸಂಗತಿಗಳು ಒಂದು ಕಡೆ ಇವೆ, ಇನ್ನೊಂದು ಕಡೆ ಇಲ್ಲ. ಆ ಹತ್ತರಲ್ಲಿ ಒಂದು ಪ್ರೌಢಶಾಲೆ ತನ್ನ ಕೈಯಿಂದಲೇ ಸರಿಪಡಿಸಬಹುದಾದವು ಯಾವುವು ಎಂಬುದನ್ನು ಗಣಿತದ ಮೇಷ್ಟ್ರಾಗಿ ನಾನು ಕಂಡಷ್ಟು ಬಿಡಿಸಿ ಹೇಳುತ್ತೇನೆ.

ಮೊದಲಿಗೆ ನಮ್ಮ ಶಾಲೆಗಳಲ್ಲಿ ಬೇರೂರಿರುವ ಒಂದು ತಪ್ಪು ಎಣಿಕೆ. ಮಗುವಿನ ಯೋಗಕ್ಷೇಮ ಒಂದು ಕಡತ, ಫಲಿತಾಂಶ ಇನ್ನೊಂದು ಕಡತ ಎಂದು ನಾವು ನಡೆದುಕೊಳ್ಳುತ್ತೇವೆ. ಮೊದಲನೆಯದಕ್ಕೆ ವರ್ಷಕ್ಕೊಂದು ಉಪನ್ಯಾಸ, ಒಂದು ಫೋಟೊ, ಒಂದು ವರದಿ. ಎರಡನೆಯದಕ್ಕೆ ವಿಶೇಷ ತರಗತಿ, ಸರಣಿ ಪರೀಕ್ಷೆ, ಪಾಸಿಂಗ್ ಪ್ಯಾಕೇಜ್, ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಕಚೇರಿಯ ಪರಿಶೀಲನಾ ಸಭೆ. ಆದರೆ ಮಗು ಎರಡು ಕಡತಗಳಾಗಿ ಶಾಲೆಗೆ ಬರುವುದಿಲ್ಲ. ಬೆಳಿಗ್ಗೆ ಏನೂ ತಿನ್ನದೆ ಬಂದ ಹೊಟ್ಟೆ, ರಾತ್ರಿ ಅಪ್ಪ ಕುಡಿದು ಬಂದ ಮನೆ, ಆರನೇ ತರಗತಿಯಲ್ಲಿ ಕೈತಪ್ಪಿದ ಭಿನ್ನರಾಶಿ, ಇಷ್ಟೂ ಒಂದೇ ಬೆಂಚಿನ ಮೇಲೆ ಒಟ್ಟಿಗೆ ಕೂತಿರುತ್ತವೆ.

ಇದನ್ನೆಲ್ಲ ತಿಳಿಯಲು ದೊಡ್ಡ ಸಮೀಕ್ಷೆ ಬೇಕಿಲ್ಲ. ತರಗತಿಯ ಹಾಜರಿ ಪುಸ್ತಕ ಸಾಕು.

ನಾವು ಹಾಜರಿಯನ್ನು ಅಡ್ಡಲಾಗಿ ಕೂಡಿಸುತ್ತೇವೆ. ಇವನು ಈ ತಿಂಗಳು ಎಷ್ಟು ದಿನ ಬಂದ, ಪರೀಕ್ಷೆಗೆ ಬೇಕಾದ ಶೇ 75 ಆಯಿತೇ ಎಂಬಷ್ಟಕ್ಕೇ ನಮ್ಮ ಕೆಲಸ ಮುಗಿಯುತ್ತದೆ. ವರ್ಷಕ್ಕೆ 220 ಶಾಲಾದಿನ ಎಂದು ಹಿಡಿದರೆ, ಶೇ 75 ಹಾಜರಿಯ ಮಗು 55 ದಿನ ಶಾಲೆಯಲ್ಲಿ ಇರಲಿಲ್ಲ. ಅಂದರೆ ಎರಡು ತಿಂಗಳಿಗೂ ಹೆಚ್ಚಿನ ಪಾಠ. ಲೆಕ್ಕದಲ್ಲಿ ಆ ಮಗು ಸುರಕ್ಷಿತ, ಕಲಿಕೆಯಲ್ಲಿ ಅಲ್ಲ. ಅದೇ ಪುಟವನ್ನು ಉದ್ದಕ್ಕೆ, ದಿನದಿನದ ಮೇಲೆ ಕಣ್ಣಾಡಿಸಿ ಓದಿದರೆ ಬೇರೆಯೇ ಕಥೆ ಕಾಣುತ್ತದೆ. ಒಬ್ಬ ಹುಡುಗ ವಾರವಾರವೂ ಗುರುವಾರ ಮಾತ್ರ ಗೈರು. ವಿಚಾರಿಸಿದರೆ ಅದು ಅವರ ಊರಿನ ಸಂತೆಯ ದಿನ, ತಾಯಿಯ ತರಕಾರಿ ಗಾಡಿ ತಳ್ಳಲು ಮನೆಯಲ್ಲಿ ಬೇರೆ ಯಾರೂ ಇಲ್ಲ. ಒಬ್ಬ ಹುಡುಗಿ ಪ್ರತಿ ತಿಂಗಳೂ ಒಂದೇ ಹೊತ್ತಿಗೆ ಮೂರು ದಿನ ಗೈರು. ದಸರಾ ರಜೆ ಮುಗಿದ ಮೇಲೆ ನಾಲ್ಕು ಹೆಸರುಗಳ ಮುಂದೆ ಒಮ್ಮೆಲೇ ಸಾಲು ಖಾಲಿ, ಮನೆಮಂದಿಯೆಲ್ಲ ಗುಳೆ ಹೋಗಿದ್ದಾರೆ. ಒಂದೊಂದು ಗೈರಿಗೂ ಒಂದೊಂದು ಮದ್ದು ಬೇಕು. “ಶಾಲೆಗೆ ಸರಿಯಾಗಿ ಬಾ” ಎಂದು ಎಲ್ಲರಿಗೂ ಒಂದೇ ಮಾತು ಹೇಳಿದರೆ ಯಾರಿಗೂ ತಟ್ಟುವುದಿಲ್ಲ.

ಆ ಹುಡುಗಿಯ ಮೂರು ದಿನಗಳ ವಿಷಯ ಮುಂದುವರಿಸುತ್ತೇನೆ, ಏಕೆಂದರೆ ಪುರುಷ ಶಿಕ್ಷಕರು ಇದನ್ನು ದಾಟಿ ಹೋಗುವುದೇ ಹೆಚ್ಚು. ಹತ್ತು ತಿಂಗಳಿಗೆ ಮೂರು ಮೂರು ದಿನವೆಂದರೆ ಮೂವತ್ತು ದಿನ. ಚಿಲಕ ಬೀಳುವ ಶೌಚಾಲಯದ ಬಾಗಿಲು, ಒಳಗೆ ನೀರು, ಬಳಸಿದ ಪ್ಯಾಡ್ ಹಾಕಲು ಮುಚ್ಚಳವಿರುವ ಡಬ್ಬ, ಕೇಳಿದ ಕೂಡಲೇ ಪ್ಯಾಡ್ ಕೊಡುವ ಒಬ್ಬ ಮೇಡಂ. ಇಷ್ಟಿದ್ದರೆ ಆ ಮೂವತ್ತರಲ್ಲಿ ಬಹುಪಾಲು ದಿನಗಳು ಶಾಲೆಗೆ ವಾಪಸಾಗುತ್ತವೆ. ಹುಡುಗಿಯರಿಗೆ ಉಚಿತವಾಗಿ ಪ್ಯಾಡ್ ಕೊಡುವ ಸರ್ಕಾರದ ಶುಚಿ ಯೋಜನೆ ಕೆಲವು ವರ್ಷ ನಿಂತಿದ್ದು 2024ರಲ್ಲಿ ಮತ್ತೆ ಶುರುವಾಯಿತು. ಪ್ಯಾಡಿನ ಪೆಟ್ಟಿಗೆ ಶಾಲೆಗೆ ಬಂದರೆ ಸಾಲದು. ಅದು ಮುಖ್ಯೋಪಾಧ್ಯಾಯರ ಬೀರುವಿನಲ್ಲಿ ಬೀಗದೊಳಗೆ ಇದ್ದರೆ ಯಾವ ಹುಡುಗಿಯೂ ಹೋಗಿ ಕೇಳುವುದಿಲ್ಲ.

ಇನ್ನು ಊಟ ಮತ್ತು ರಕ್ತ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ 15ರಿಂದ 19 ವರ್ಷದ ಹುಡುಗಿಯರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ರಕ್ತಹೀನತೆ ಇದೆ. ರಕ್ತದಲ್ಲಿ ಕಬ್ಬಿಣಾಂಶ ಕಡಿಮೆಯಾದರೆ ಮಿದುಳಿಗೆ ಹೋಗುವ ಆಮ್ಲಜನಕವೂ ಕಡಿಮೆ. ಮಗು ಸುಸ್ತಾಗುತ್ತದೆ, ಗಮನ ನಿಲ್ಲುವುದಿಲ್ಲ, ಮಧ್ಯಾಹ್ನದ ಮೇಲಿನ ಅವಧಿಯಲ್ಲಿ ತಲೆ ಬೆಂಚಿಗೆ ತಾಗುತ್ತದೆ. ನಾವು ಅದನ್ನು ಸೋಮಾರಿತನ ಎಂದು ಕರೆಯುತ್ತೇವೆ.

ಇದಕ್ಕಾಗಿಯೇ ವಾರಕ್ಕೊಂದು ನೀಲಿ ಬಣ್ಣದ ಕಬ್ಬಿಣಾಂಶದ ಮಾತ್ರೆ ಶಾಲೆಗೆ ಬರುತ್ತದೆ. ಬಹಳಷ್ಟು ಮಕ್ಕಳು ಅದನ್ನು ಬಾಯಲ್ಲಿಟ್ಟುಕೊಂಡು ಹೊರಗೆ ಹೋಗಿ ಉಗುಳುತ್ತಾರೆ. ಕಾರಣ ಕೇಳಿದರೆ, “ವಾಂತಿ ಬಂದಂತಾಗುತ್ತದೆ ಸರ್” ಎನ್ನುತ್ತಾರೆ. ನಿಜವೇ. ಖಾಲಿ ಹೊಟ್ಟೆಯಲ್ಲಿ ಕಬ್ಬಿಣಾಂಶ ಹೊಟ್ಟೆ ತೊಳಸುತ್ತದೆ. ಆದ್ದರಿಂದ ಬೆಳಗಿನ ಪ್ರಾರ್ಥನೆಯ ಹೊತ್ತಿನಲ್ಲಿ ಕೊಡದೆ ಬಿಸಿಯೂಟದ ನಂತರ ಕೊಡಬೇಕು. ಚಹಾ, ಹಾಲು ಎರಡೂ ಕಬ್ಬಿಣಾಂಶ ಮೈಗೆ ಹತ್ತುವುದನ್ನು ತಡೆಯುತ್ತವೆ, ಹಾಗಾಗಿ ಕ್ಷೀರಭಾಗ್ಯದ ಹಾಲಿನ ಜೊತೆ ಬೇಡ. ಊಟದಲ್ಲಿ ಒಂದು ಹೋಳು ನಿಂಬೆ ಇದ್ದರೆ ಇನ್ನೂ ಒಳ್ಳೆಯದು. ಮಲ ಕಪ್ಪಗಾಗುತ್ತದೆ, ಹೆದರಬೇಡಿ ಎಂದು ಮೊದಲೇ ಹೇಳಬೇಕು. ಇಷ್ಟನ್ನು ವಿಜ್ಞಾನದ ಮೇಡಂ ಒಂದು ಅವಧಿಯಲ್ಲಿ ವಿವರಿಸಿ, ತಾವೂ ಮಕ್ಕಳೆದುರು ಒಂದು ಮಾತ್ರೆ ನುಂಗಿದ ದಿನದಿಂದ ನಮ್ಮ ಶಾಲೆಯ ಹಿಂದಿನ ಗೋಡೆಯ ಬುಡದಲ್ಲಿ ನೀಲಿ ಮಾತ್ರೆಗಳು ಕಾಣಿಸುವುದು ಬಹಳ ಕಡಿಮೆಯಾಯಿತು.

ಬಿಸಿಯೂಟ ಪ್ರೌಢಶಾಲೆಗಳಿಗೆ ಬಂದದ್ದು 2007-08ರಲ್ಲಿ. 2024ರಿಂದ ಅಜೀಂ ಪ್ರೇಮ್‌ಜಿ ಫೌಂಡೇಶನ್ ನೆರವಿನಿಂದ ವಾರದ ಆರೂ ದಿನ ಮೊಟ್ಟೆ ಸಿಗುತ್ತಿದೆ, ಬೇಡವೆನ್ನುವವರಿಗೆ ಬಾಳೆಹಣ್ಣು. ಇದರ ಬಗ್ಗೆ ವಾದವಿವಾದ ಏನೇ ಇರಲಿ, ಮೊಟ್ಟೆ ತಿನ್ನುವ ಮಗು ಬಡಿಸುವವರ ಕೈಯನ್ನೇ ನೋಡುತ್ತಾ ಸಾಲಿನಲ್ಲಿ ನಿಲ್ಲುವುದನ್ನು ಕಂಡವರಿಗೆ ವಾದ ಬೇಕಾಗುವುದಿಲ್ಲ.

ದಾರಿಯ ಮಾತು ಒಂದೆರಡು ಸಾಲಿನಲ್ಲಿ ಮುಗಿಸುತ್ತೇನೆ. ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡುವ ಯೋಜನೆ 2006-07ರಲ್ಲಿ ಶುರುವಾಗಿ ಕೋವಿಡ್ ಕಾಲದಲ್ಲಿ ನಿಂತಿತು. ಪ್ರಾಥಮಿಕ ಶಾಲೆ ಊರಲ್ಲೇ ಇರುತ್ತದೆ, ಪ್ರೌಢಶಾಲೆ ನಾಲ್ಕೈದು ಕಿಲೋಮೀಟರ್ ಆಚೆ. ಬಸ್ಸಿನ ವೇಳೆಗೂ ಸಂಜೆಯ ವಿಶೇಷ ತರಗತಿಯ ವೇಳೆಗೂ ಹೊಂದಿಕೆ ಇಲ್ಲದಿದ್ದರೆ ಮೊದಲು ಶಾಲೆ ಬಿಡುವವಳು ದೂರದ ಹಳ್ಳಿಯ ಹುಡುಗಿ. ವೇಳಾಪಟ್ಟಿ ಬರೆಯುವ ಮುನ್ನ ಬಸ್ಸಿನ ಸಮಯ ಕೇಳಿಕೊಳ್ಳಿ.

ಈಗ ಕಲಿಕೆಗೆ ಬರೋಣ. ಹತ್ತನೇ ತರಗತಿಯಲ್ಲಿ ವರ್ಗಸಮೀಕರಣದ ಪಾಠ. x² − 5x + 6 = 0, ಮೂಲಗಳು (ಅಂದರೆ x ನ ಬೆಲೆಗಳು) 2 ಮತ್ತು 3 ಬರುವ, ಇದ್ದುದರಲ್ಲಿ ಸುಲಭದ ಲೆಕ್ಕ. ವಾಸ್ತವ ಮೂಲಗಳು ಇವೆಯೇ ಎಂದು ತಿಳಿಸುವ ಶೋಧಕವನ್ನು ಮೊದಲು ಕಂಡುಹಿಡಿಯಬೇಕು. ಅದಕ್ಕಾಗಿ −5ರ ವರ್ಗದಿಂದ 24 ಕಳೆಯಬೇಕು, 1 ಉಳಿಯುತ್ತದೆ. ಒಬ್ಬ ಹುಡುಗ ಸೂತ್ರವನ್ನು ಚುಕ್ಕಿ ತಪ್ಪದಂತೆ ಬರೆದಿದ್ದ, ಬೆಲೆಗಳನ್ನೂ ಸರಿಯಾಗಿಯೇ ಹಾಕಿದ್ದ. ಆದರೆ −5ರ ವರ್ಗಕ್ಕೆ −25 ಎಂದು ಬರೆದು, ಅದರಿಂದ 24 ಕಳೆದು −49 ಪಡೆದು, “ಆದ್ದರಿಂದ ವಾಸ್ತವ ಮೂಲಗಳಿಲ್ಲ” ಎಂದು ಕೆಳಗೆ ಗೆರೆ ಎಳೆದಿದ್ದ. ಗೆರೆ ನೇರವಾಗಿತ್ತು, ಸ್ಕೇಲ್ ಇಟ್ಟು ಎಳೆದದ್ದು. ಪ್ರಯತ್ನಪಡದ ಹುಡುಗ ಸ್ಕೇಲ್ ಹುಡುಕುವುದಿಲ್ಲ.

ಇವನಿಗೆ ಸೂತ್ರವನ್ನು ಇನ್ನು ಹತ್ತು ಸಲ ಹೇಳಿಕೊಟ್ಟರೂ ಪ್ರಯೋಜನವಿಲ್ಲ. ಅವನಿಗೆ ತಿಳಿಯದಿದ್ದದ್ದು ಏಳನೇ ತರಗತಿಯ ಪೂರ್ಣಾಂಕಗಳ ಪಾಠ. ಆ ವರ್ಷ ಅಪ್ಪ ಅಮ್ಮನ ಜೊತೆ ಕಟ್ಟಡ ಕೆಲಸಕ್ಕೆಂದು ಬೆಂಗಳೂರಿಗೆ ಹೋಗಿ ನಾಲ್ಕು ತಿಂಗಳು ಶಾಲೆಯಿಂದ ಹೊರಗಿದ್ದನಂತೆ. ಅವನ ಪಕ್ಕ ಕೂತು ಒಂದು ಪಟ್ಟಿ ಬರೆಸಿದೆ. −5 ಅನ್ನು 2ರಿಂದ ಗುಣಿಸಿದರೆ −10. 1ರಿಂದ ಗುಣಿಸಿದರೆ −5. ಸೊನ್ನೆಯಿಂದ ಗುಣಿಸಿದರೆ ಸೊನ್ನೆ. ಒಂದೊಂದು ಮೆಟ್ಟಿಲಿಗೂ ಉತ್ತರ ಎಷ್ಟು ಏರುತ್ತಿದೆ? ಐದು. ಹಾಗಾದರೆ ಮುಂದಿನ ಮೆಟ್ಟಿಲು −1ರಲ್ಲಿ? ಪೆನ್ಸಿಲ್ ಸ್ವಲ್ಪ ಹೊತ್ತು ನಿಂತಿತು. ಆಮೇಲೆ 5 ಎಂದು ಬರೆದ. ಉಳಿದ ಮೆಟ್ಟಿಲುಗಳನ್ನು ನಾನು ಕೇಳಲೇ ಇಲ್ಲ, ಅವನೇ 10, 15, 20, 25 ಎಂದು ಬರೆದುಕೊಂಡು ಹೋದ. ಇಪ್ಪತ್ತು ನಿಮಿಷ ಹಿಡಿಯಿತು.

ಇವನೊಬ್ಬನ ಕಥೆಯಲ್ಲ ಇದು. 14ರಿಂದ 18 ವಯಸ್ಸಿನವರ ಬಗ್ಗೆ 2023ರಲ್ಲಿ ದೇಶದ ಗ್ರಾಮೀಣ ಭಾಗದಲ್ಲಿ ನಡೆದ, ಮಕ್ಕಳ ಕಲಿಕೆಯ ಮಟ್ಟ ಅಳೆಯುವ ‘ಅಸರ್’ ಸಮೀಕ್ಷೆಯಲ್ಲಿ, ಮೂರಂಕಿಯ ಸಂಖ್ಯೆಯನ್ನು ಒಂದಂಕಿಯಿಂದ ಭಾಗಿಸಬಲ್ಲವರು ಶೇ 43.3 ಮಾತ್ರ. ಕಾಲು ಭಾಗದಷ್ಟು ಮಂದಿಗೆ ಎರಡನೇ ತರಗತಿಯ ಮಟ್ಟದ ಪಠ್ಯವನ್ನು ತಮ್ಮ ಭಾಷೆಯಲ್ಲೇ ಸರಾಗವಾಗಿ ಓದಲಾಗಲಿಲ್ಲ. ಜೂನ್‌ನಲ್ಲಿ ನಾವು ಮಾಡುವ ಸೇತುಬಂಧ ಕಾರ್ಯಕ್ರಮದ ಉದ್ದೇಶವೇ ಈ ಕಂದಕಕ್ಕೆ ಸೇತುವೆ ಹಾಕುವುದು. ಆದರೆ ಐದು ವರ್ಷದ ಕಂದಕಕ್ಕೆ ಎರಡು ಮೂರು ವಾರದ ಸೇತುವೆ ನಿಲ್ಲುವುದಿಲ್ಲ. ಎಂಟನೇ ತರಗತಿ ಪೂರ್ತಿ ವಾರಕ್ಕೆ ಎರಡು ಅವಧಿಯನ್ನು ಹಿಂದಿನ ಪಾಠಗಳಿಗೇ ಮೀಸಲಿಡಬೇಕು ಎಂಬುದು ನನ್ನ ಅಭಿಪ್ರಾಯ. “ಪಠ್ಯ ಮುಗಿಯುವುದಿಲ್ಲ” ಎನ್ನುವ ಆತಂಕ ನನಗೂ ಗೊತ್ತು. ಅರ್ಥವಾಗದ ಪಠ್ಯವನ್ನು ಡಿಸೆಂಬರ್‌ಗೆ ಮುಗಿಸಿ ಆಗುವುದೇನು?

ಪಾಸಿಂಗ್ ಪ್ಯಾಕೇಜ್ ಬಗ್ಗೆಯೂ ಇಲ್ಲಿಯೇ ಹೇಳಬೇಕು. ಪ್ರಶ್ನೆಪತ್ರಿಕೆಯ ನೀಲನಕ್ಷೆ ನೋಡಿ, ಖಚಿತವಾಗಿ ಬರುವ ಪ್ರಶ್ನೆಗಳನ್ನು ಆರಿಸಿ, ಹಿಂದುಳಿದ ಮಕ್ಕಳಿಗೆ ಅಷ್ಟನ್ನೇ ಬಾಯಿಪಾಠ ಮಾಡಿಸುವುದು ಎಲ್ಲೆಡೆ ಇರುವ ಪದ್ಧತಿ. ಜನವರಿಯ ನಂತರ ಅದು ಮಗುವಿಗೆ ಊರುಗೋಲು, ನಾನೂ ಕೊಡುತ್ತೇನೆ. ಜುಲೈನಲ್ಲೇ ಕೊಟ್ಟರೆ “ನಿನ್ನ ಕೈಲಾಗುವುದು ಇಷ್ಟೇ” ಎಂದು ಅವನ ಕೈಗೆ ಬರೆದುಕೊಟ್ಟಂತೆ. ಮಕ್ಕಳು ಅದನ್ನು ನಂಬಿಬಿಡುತ್ತಾರೆ.

ಓದುವ ಕ್ರಮದ ಬಗ್ಗೆ ಒಂದು ಪ್ರಯೋಗ ನೆನಪಿಡುವಂಥದ್ದು. 2006ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞರಾದ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕಿ ವಿದ್ಯಾರ್ಥಿಗಳ ಒಂದು ಗುಂಪಿಗೆ ಒಂದು ಪಠ್ಯಭಾಗವನ್ನು ಮತ್ತೆ ಮತ್ತೆ ಓದಿಸಿದರು. ಇನ್ನೊಂದು ಗುಂಪು ಓದಿದ ಮೇಲೆ ಪುಟ ಮುಚ್ಚಿ ನೆನಪಿದ್ದಷ್ಟನ್ನು ಬರೆಯಿತು. ಐದು ನಿಮಿಷದ ನಂತರ ಕೇಳಿದಾಗ ಮತ್ತೆ ಓದಿದವರೇ ಮುಂದು. ಒಂದು ವಾರ ಕಳೆದ ಮೇಲೆ ಕೇಳಿದಾಗ ಪುಟ ಮುಚ್ಚಿ ಬರೆದವರು ಮುಂದು. ಮತ್ತೆ ಮತ್ತೆ ಓದಿದರೆ ಪರಿಚಯ ಬೆಳೆಯುತ್ತದೆ, ಅದನ್ನೇ ನಾವು ನೆನಪು ಎಂದು ತಪ್ಪು ತಿಳಿಯುತ್ತೇವೆ. ಅವಧಿಯ ಕೊನೆಯ ಐದು ನಿಮಿಷ ಪುಸ್ತಕ ಮುಚ್ಚಿಸಿ, “ಇವತ್ತಿನ ಪಾಠದಲ್ಲಿ ನೆನಪಿರುವುದನ್ನು ನಾಲ್ಕು ಸಾಲು ಬರೆಯಿರಿ” ಎಂದರೆ ಸಾಕು. ಅಂಕ ಕೊಡಬಾರದು. ಅಂಕ ಕೊಟ್ಟ ಕೂಡಲೇ ಪಕ್ಕದವನ ಪುಸ್ತಕ ನೋಡುತ್ತಾರೆ.

ನಮ್ಮಲ್ಲಿ ತುಂಬ ಪ್ರೀತಿಯಿಂದ ಮಾಡುವ, ಆದರೆ ನಾನು ಒಪ್ಪದ ಒಂದು ಪದ್ಧತಿ ಇದೆ. ಪರೀಕ್ಷೆ ಹತ್ತಿರವಾದಾಗ ಬೆಳಗಿನ ಜಾವ ಐದು ಗಂಟೆಗೆ ಶಿಕ್ಷಕರು ಮಕ್ಕಳ ಮನೆಗೆ ಫೋನ್ ಮಾಡಿ ಓದಲು ಎಬ್ಬಿಸುವುದು. ಕೆಲವರು ಚಳಿಯಲ್ಲಿ ಮನೆಮನೆಗೆ ಹೋಗಿ ಬಾಗಿಲು ತಟ್ಟುತ್ತಾರೆ. ಅವರ ಕಾಳಜಿಗೆ ನಾನು ತಲೆಬಾಗುತ್ತೇನೆ. ಆದರೆ ಹದಿಹರೆಯದ ದೇಹ ಬೇರೆ ಮಾತು ಹೇಳುತ್ತದೆ. ನಿದ್ದೆ ತರಿಸುವ ಮೆಲಟೋನಿನ್ ಎಂಬ ಹಾರ್ಮೋನು ಈ ವಯಸ್ಸಿನಲ್ಲಿ ಚಿಕ್ಕ ಮಕ್ಕಳಿಗಿಂತ ತಡವಾಗಿ ಸ್ರವಿಸುತ್ತದೆ. ಹಾಗಾಗಿ ರಾತ್ರಿ ಬೇಗ ಮಲಗು ಎಂದರೂ ನಿದ್ದೆ ಹತ್ತುವುದು ತಡವೇ. ಈ ವಯಸ್ಸಿಗೆ ಬೇಕಾದ ನಿದ್ದೆ ಎಂಟರಿಂದ ಹತ್ತು ಗಂಟೆ. ಹನ್ನೊಂದಕ್ಕೆ ಮಲಗಿದ ಮಗುವನ್ನು ಐದಕ್ಕೆ ಎಬ್ಬಿಸಿದರೆ ಸಿಕ್ಕಿದ್ದು ಆರೇ ಗಂಟೆ. ಹಗಲು ಕಲಿತದ್ದನ್ನು ಮಿದುಳು ಗಟ್ಟಿ ಮಾಡಿಕೊಳ್ಳುವುದು ನಿದ್ದೆಯಲ್ಲಿ. ಅದರಲ್ಲೂ ಕನಸು ಕಾಣುವ ನಿದ್ದೆಯ ಹೆಚ್ಚಿನ ಪಾಲು ಬೆಳಗಿನ ಜಾವದಲ್ಲೇ ಇರುತ್ತದೆ. ನಾವು ಕತ್ತರಿಸುವುದು ಅದನ್ನೇ.

ನಮ್ಮ ಶಾಲೆಯಲ್ಲಿ ಆ ಕರೆಯನ್ನು ರಾತ್ರಿಗೆ ಬದಲಾಯಿಸಿದ್ದೇವೆ. ಒಂಬತ್ತೂವರೆಗೆ ಮನೆಗೆ ಫೋನ್ ಮಾಡಿ, “ಓದಿದ್ದು ಸಾಕು ಪುಟ್ಟ, ಮೊಬೈಲ್ ಅಮ್ಮನ ಕೈಗೆ ಕೊಟ್ಟು ಮಲಗು” ಎನ್ನುತ್ತೇವೆ. ಮೊದಲ ವಾರ ತಂದೆತಾಯಂದಿರಿಗೆ ಗಾಬರಿಯಾಯಿತು. ಓದು ಎನ್ನಬೇಕಾದ ಮೇಷ್ಟ್ರೇ ಮಲಗು ಎನ್ನುತ್ತಾರಲ್ಲ! ತಾಯಂದಿರ ಸಭೆಯಲ್ಲಿ ಕೂರಿಸಿಕೊಂಡು ವಿವರಿಸಬೇಕಾಯಿತು. ಮನೆಯಲ್ಲಿ ಒಂದೇ ಕೋಣೆ, ಹತ್ತು ಗಂಟೆಯ ತನಕ ಟಿವಿ ಓಡುತ್ತದೆ ಎಂಬುದನ್ನು ಅಲ್ಲಿ ಅವರೇ ಹೇಳಿದರು. ಅದೂ ನಮಗೆ ಗೊತ್ತಾಗಬೇಕಿತ್ತು.

ಭಯದ ವಿಷಯ. ಲೆಕ್ಕ ಮಾಡುವಾಗ ಮನಸ್ಸಿನಲ್ಲಿ ನಾಲ್ಕಾರು ಸಂಗತಿಗಳನ್ನು ಒಟ್ಟಿಗೆ ಹಿಡಿದುಕೊಂಡಿರಬೇಕು. ಆ ಜಾಗ ಬಹಳ ಚಿಕ್ಕದು, ಒಂದು ಅಂಗೈಯಷ್ಟು ಎನ್ನೋಣ. “ತಪ್ಪಾದರೆ ಎಲ್ಲರೆದುರು ನಿಲ್ಲಿಸುತ್ತಾರೆ” ಎಂಬ ಯೋಚನೆ ಆ ಅಂಗೈಯಲ್ಲಿ ಅರ್ಧ ಜಾಗ ತಿಂದರೆ ಲೆಕ್ಕಕ್ಕೆ ಉಳಿಯುವುದು ಅರ್ಧ. ಮನೆಯಲ್ಲಿ ಸರಿಯಾಗಿ ಮಾಡುವ ಮಗು ಬೋರ್ಡಿನ ಮುಂದೆ ಸೀಮೆಸುಣ್ಣ ಹಿಡಿದು ಕಲ್ಲಾಗುವುದು ಇದರಿಂದ. ದೈಹಿಕ ಶಿಕ್ಷೆ ಮತ್ತು ಮಾನಸಿಕ ಹಿಂಸೆ ಎರಡನ್ನೂ 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಪರಿಚ್ಛೇದ ನಿಷೇಧಿಸಿದೆ. ಬೆತ್ತ ಬಹುತೇಕ ಹೋಗಿದೆ, ಮಾತಿನ ಬೆತ್ತ ಉಳಿದಿದೆ. ಉತ್ತರಪತ್ರಿಕೆ ಹಂಚುವಾಗ ಕಡಿಮೆ ಅಂಕದಿಂದ ಶುರುಮಾಡಿ ಹೆಸರು ಕೂಗುವ ಅಭ್ಯಾಸ ನನಗೂ ಇತ್ತು. ಎಷ್ಟೋ ವರ್ಷ ಹಾಗೆ ಮಾಡಿದ್ದಕ್ಕೆ ಈಗ ಸಂಕಟವಾಗುತ್ತದೆ. ಈಗ ಪತ್ರಿಕೆಯನ್ನು ಮಡಚಿ ಕೈಗೆ ಕೊಡುತ್ತೇನೆ. ಅಂಕದ ಕೆಳಗೆ ಒಂದು ಸಾಲು ಬರೆಯುತ್ತೇನೆ: ‘ಮೂರನೇ ಹಂತದವರೆಗೆ ಸರಿ ಇದೆ, ಚಿಹ್ನೆ ಮಾತ್ರ ನೋಡಿಕೋ.’

ಪರೀಕ್ಷೆಗೆ ಮೊದಲು ಐದಾರು ಮಕ್ಕಳನ್ನು ಒಬ್ಬೊಬ್ಬ ಶಿಕ್ಷಕರಿಗೆ ‘ದತ್ತು’ ಕೊಡುವುದು ಹಲವು ಶಾಲೆಗಳಲ್ಲಿದೆ. ಇದು ಒಳ್ಳೆಯ ಪದ್ಧತಿ, ಆದರೆ ಎರಡು ಬದಲಾವಣೆ ಬೇಕು. ಫೇಲಾಗುವ ಭಯವಿರುವವರಿಗಷ್ಟೇ ಅಲ್ಲದೆ ಎಲ್ಲ ಮಕ್ಕಳಿಗೂ ಇರಬೇಕು, ಏಕೆಂದರೆ ಶೇ 95ರ ನಿರೀಕ್ಷೆ ಹೊತ್ತ ಮಗು ಒಳಗೊಳಗೇ ಕುಸಿಯುತ್ತಿರುವುದು ಯಾರಿಗೂ ಕಾಣುವುದಿಲ್ಲ. ಮತ್ತು ಎಂಟನೇ ತರಗತಿಯಿಂದಲೇ ಶುರುವಾಗಬೇಕು. ವಾರಕ್ಕೆ ಹತ್ತು ನಿಮಿಷ, ಕಟ್ಟೆಯ ಮೇಲೆ ಕೂತು, ಅಂಕದ ಮಾತೆತ್ತದೆ, “ಮನೆಯಲ್ಲಿ ಎಲ್ಲರೂ ಹೇಗಿದ್ದಾರಮ್ಮ?” ಎಂದು ಕೇಳಿದರೆ ಮೂರನೇ ವಾರಕ್ಕೆ ಮಾತು ಬರುತ್ತದೆ. ಒಬ್ಬ ಹುಡುಗಿಗೆ ಮದುವೆ ಗೊತ್ತುಮಾಡುತ್ತಿರುವುದು ನಮಗೆ ತಿಳಿದದ್ದು ಹೀಗೊಂದು ಮಾತಿನಲ್ಲೇ.

ಶಿಕ್ಷಕ ಮನೋವೈದ್ಯನಲ್ಲ, ಆಗಲೂ ಹೋಗಬಾರದು. 10ರಿಂದ 19 ವರ್ಷದ ಏಳು ಮಂದಿಯಲ್ಲಿ ಒಬ್ಬರಿಗೆ ಒಂದಲ್ಲ ಒಂದು ಮಾನಸಿಕ ಆರೋಗ್ಯ ಸಮಸ್ಯೆ ಇರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಲವತ್ತೆರಡು ಮಕ್ಕಳ ತರಗತಿಯಲ್ಲಿ ಆರು. ಗೆಳೆಯರಿಂದ ದೂರ ಸರಿಯುವುದು, ಇಷ್ಟದ ಆಟ ಬಿಡುವುದು, ಬಿಸಿಲಲ್ಲೂ ತೋಳು ಮುಚ್ಚಿಕೊಳ್ಳುವುದು, ತನ್ನ ವಸ್ತುಗಳನ್ನು ಹಂಚಿಬಿಡುವುದು ಕಂಡರೆ ತಡಮಾಡಬಾರದು. ಸಾಯುವ ಮಾತು ಬಂದರೆ ನೇರವಾಗಿ ಕೇಳಬೇಕು. ಕೇಳಿದರೆ ಆ ಯೋಚನೆ ತಲೆಗೆ ಹೊಗುತ್ತದೆ ಎಂಬುದು ತಪ್ಪು ತಿಳಿವಳಿಕೆ, ಕೇಳಿದರೆ ಮಗುವಿಗೆ ಹಗುರಾಗುತ್ತದೆ. ಆ ಹೊತ್ತಿನಲ್ಲಿ ಮಗುವನ್ನು ಒಂಟಿಯಾಗಿ ಬಿಡಬಾರದು, “ಯಾರಿಗೂ ಹೇಳುವುದಿಲ್ಲ” ಎಂದು ಮಾತು ಕೊಡಲೂಬಾರದು. ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ದಿನವಿಡೀ ಉಚಿತ, ಕನ್ನಡದಲ್ಲೂ ಮಾತನಾಡುತ್ತಾರೆ. ಮಕ್ಕಳ ಸಹಾಯವಾಣಿ 1098. ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರದ ‘ಮನೋಚೈತನ್ಯ’ ಚಿಕಿತ್ಸಾಲಯಕ್ಕೆ ಮನೋವೈದ್ಯರು ಬರುತ್ತಾರೆ, ಹದಿಹರೆಯದವರಿಗಾಗಿಯೇ ಸ್ನೇಹ ಕ್ಲಿನಿಕ್‌ಗಳಿವೆ. ನೂರು ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಶಿಕ್ಷಣ ಸಂಸ್ಥೆಗಳಲ್ಲಿ ಅರ್ಹ ಆಪ್ತಸಮಾಲೋಚಕರು ಇರಬೇಕು, ಚಿಕ್ಕ ಸಂಸ್ಥೆಗಳು ಹೊರಗಿನ ತಜ್ಞರೊಡನೆ ಸಂಪರ್ಕ ಇಟ್ಟುಕೊಳ್ಳಬೇಕು ಎಂದು ಸುಪ್ರೀಂ ಕೋರ್ಟ್ 2025ರ ಜುಲೈನಲ್ಲಿ ಹೇಳಿದೆ. ಹಳ್ಳಿಯ ಪ್ರೌಢಶಾಲೆಗಳಿಗೆ ಈ ಎರಡನೆಯ ಮಾತು ಮುಖ್ಯ. ಬೇಕಾದಾಗ ಹುಡುಕುವ ಬದಲು ಆ ತಜ್ಞರ ನಂಬರನ್ನು ಜೂನ್‌ನಲ್ಲೇ ಬರೆದಿಟ್ಟುಕೊಳ್ಳಿ.

ಇಷ್ಟೆಲ್ಲ ಮಾಡಿದರೂ ಕೆಲವರು ಫೇಲಾಗುತ್ತಾರೆ. ಫಲಿತಾಂಶದ ದಿನ ನಾವೆಲ್ಲ ಮೊದಲ ಸ್ಥಾನದ ಮಗುವಿನ ಮನೆಗೆ ಸಿಹಿ ಹಿಡಿದು ಹೋಗುತ್ತೇವೆ. ಅದೇ ಸಂಜೆ ಫೇಲಾದವರ ಮನೆಗೂ ಹೋಗಬೇಕು. 2023-24ರಿಂದ ಒಂದೇ ವರ್ಷದಲ್ಲಿ ಪರೀಕ್ಷೆ ಬರೆಯಲು ಒಂದಕ್ಕಿಂತ ಹೆಚ್ಚು ಅವಕಾಶಗಳಿವೆ, ಹೆಚ್ಚು ಬಂದ ಅಂಕವನ್ನೇ ಉಳಿಸಿಕೊಳ್ಳಬಹುದು. ಇದು ಎಷ್ಟೋ ತಂದೆತಾಯಂದಿರಿಗೆ ಗೊತ್ತೇ ಇಲ್ಲ. ಕಳೆದ ವರ್ಷ ನಾನು ಹೋದ ಒಂದು ಮನೆಯಲ್ಲಿ ಹುಡುಗ ಹಿತ್ತಿಲಿನಲ್ಲಿ ಎಮ್ಮೆಯ ಪಕ್ಕ ಕೂತಿದ್ದ, ಒಳಗೆ ಬರಲೊಲ್ಲ. ನಾನೂ ಹೋಗಿ ಪಕ್ಕದಲ್ಲಿ ಕೂತೆ. ಅವನ ತಾಯಿ ಚಹಾ ತಂದಿಟ್ಟು, “ಇವನನ್ನು ಗ್ಯಾರೇಜಿಗೆ ಸೇರಿಸೋಣವೇ ಮೇಷ್ಟ್ರೇ?” ಎಂದು ಕೇಳಿದರು. ಗಣಿತ, ವಿಜ್ಞಾನ ಎರಡೇ ವಿಷಯ ಉಳಿದಿವೆ, ಅರ್ಜಿಗೆ ಇನ್ನೂ ದಿನಗಳಿವೆ ಎಂದೆ. ಅವನು ಏನೂ ಮಾತಾಡಲಿಲ್ಲ.

ಸೋಮವಾರ ಬೆಳಿಗ್ಗೆ ಹತ್ತಕ್ಕೆ ಬೀಗ ಹಾಕಿದ್ದ ಗೇಟಿನ ಮುಂದೆ ನಿಂತಿದ್ದ. ಶಾಲೆಗೆ ರಜೆ, ಯಾವ ಹಾಜರಿ ಪುಸ್ತಕದಲ್ಲೂ ಅವನ ಹೆಸರಿರಲಿಲ್ಲ. ನನ್ನ ಡೈರಿಯ ಕೊನೆಯ ಪುಟದಲ್ಲಿ ಅವನ ಹೆಸರು ಬರೆದು, ತಾರೀಖು ಹಾಕಿ, ಹಾಜರಿ ಗುರುತು ಮಾಡಿಕೊಂಡೆ.